ಕಾಯ್ದೆ ಮಾವನ ಲ್ಯಾಪ್‌ಟಾಪು ದೇಶ ಬಿಟ್ಟದ್ದು

ಕಾಯ್ದೆ ಮಾವನಿಗೆ ಹೆತ್ತವರು ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಮಿಕ್ಕಂತೆ ಕಟ್ಟಡದ ಎಲ್ಲ ಮಹಡಿಗೂ, ಎದುರಿನ ಔಷಧಿ ಅಂಗಡಿಗೂ, ಹಾಲು ಹಾಕುವವನಿಗೂ ಅವರು ಕಾಯ್ದೆ ಮಾವನೇ. ಜೀವಮಾನವೆಲ್ಲ ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದವರು. ಊರಿನ ಲಿಫ್ಟುಗಳ ಹಗ್ಗ, ಬ್ರೇಕು, ಬಾಗಿಲು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವುದು ಅಥವಾ ಕೊಡದಿರುವುದು ಅವರ ಕೆಲಸ. ಕೊಡದಿರುವುದರಲ್ಲೇ ಅವರು ಹೆಸರು ಮಾಡಿದ್ದು.

ನಿವೃತ್ತಿಯಾದ ಮೇಲಾದರೂ ಮನುಷ್ಯ ಸುಮ್ಮನಿರಬೇಕೋ ಬೇಡವೋ? ಈಗಲೂ ಲಿಫ್ಟು ಹತ್ತಿದರೆ ಮೊದಲು ‘ಇಷ್ಟು ಜನ ಮಾತ್ರ’ ಎಂಬ ತಗಡಿನ ಫಲಕ ಓದುತ್ತಾರೆ, ಆಮೇಲೆ ತಲೆ ಎಣಿಸುತ್ತಾರೆ. ಒಂದು ತಲೆ ಹೆಚ್ಚಾದರೆ ತಾವೇ ಇಳಿದು ಮೆಟ್ಟಿಲು ಹತ್ತುತ್ತಾರೆ. ಕಂಕುಳಲ್ಲಿರುವ ಕೂಸು ಒಂದು ತಲೆಯೋ ಅಲ್ಲವೋ ಎಂಬ ವಿಷಯಕ್ಕೆ ಎರಡನೇ ಮಹಡಿಯ ಬಾಣಂತಿಗೂ ಅವರಿಗೂ ಆದ ಜಗಳ ಕೂಸು ನಡೆಯಲು ಕಲಿತ ಮೇಲೂ ಮುಗಿದಿರಲಿಲ್ಲ. ಅಷ್ಟೇಕೆ, ತಮ್ಮ ಮದುವೆಯ ದಿನವೇ ಛತ್ರದ ಲಿಫ್ಟಿನ ಹಗ್ಗ ಸವೆದಿದೆ ಎಂದು ಅದಕ್ಕೆ ಬೀಗ ಜಡಿಸಿದ್ದರು. ಮದುವಣಗಿತ್ತಿ ಅಷ್ಟೂ ಒಡವೆ ಹೇರಿಕೊಂಡು, ಏದುಸಿರು ಬಿಡುತ್ತಾ ಕೊನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದಳು. ಫೋಟೋದಲ್ಲಿ ಆಕೆಯ ಮುಖ ಕೆಂಪಗಿರುವುದು ನಾಚಿಕೆಯಿಂದ ಎಂದು ನೋಡಿದವರು ತಿಳಿಯುತ್ತಾರೆ. ಅದು ನಾಚಿಕೆಯಲ್ಲ, ಸಿಟ್ಟು.

ಆ ಮದುವಣಗಿತ್ತಿಯನ್ನು ಈಗ ಎಲ್ಲರೂ ಅತ್ತೆ ಎನ್ನುತ್ತಾರೆ. ಅತ್ತೆ ಬಸ್ ನಿಲ್ದಾಣದ ಪುಟ್ಟ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುತ್ತಿದ್ದವರು. ಊರಿನವರೆಲ್ಲ ಅವರ ದನಿ ಕೇಳಿ ಓಡಿದವರೇ, ಒಬ್ಬರೂ ನಿಂತು ಕೇಳಿದವರಲ್ಲ. ಅದೊಂದು ಕೊರಗು ಅವರ ಹೊಟ್ಟೆಯಲ್ಲಿತ್ತು. ಇನ್ನೊಂದು ಕೊರಗೂ ಇತ್ತು, ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು: “ಈ ಮನುಷ್ಯ ನನಗೋಸ್ಕರ ಒಂದೇ ಒಂದು ದಿನ, ಒಂದೇ ಒಂದು ಕಾಯ್ದೆ ಸಡಿಲ ಮಾಡಿದ್ದು ನಾ ಕಾಣೆ.”

ಮೊದಲನೇ ಕೊರಗು ತೀರುವ ಕಾಲ ಬಂದಿತ್ತು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಸಂಸ್ಥೆಯೊಂದಕ್ಕೆ ಓದುವವರು ಬೇಕಾಗಿತ್ತು. ಅತ್ತೆ ಅರ್ಜಿ ಹಾಕಿದರು. ಕಂಪ್ಯೂಟರಿನಲ್ಲೇ, ಮುಖಾಮುಖಿ, ಸಂಜೆ ನಾಲ್ಕಕ್ಕೆ ಧ್ವನಿ ಪರೀಕ್ಷೆ ಎಂದು ಗೊತ್ತಾಯಿತು. ಆ ದಿನವೇ ಕೊನೆಯ ದಿನ, ಅತ್ತೆಯೇ ಕೊನೆಯವರು. ತಪ್ಪಿದರೆ ಬಾಗಿಲು ಮುಚ್ಚಿತು. ಅತ್ತೆ ವಾರದಿಂದ ಬಿಸಿನೀರು ಬಿಟ್ಟರೆ ತಣ್ಣೀರು ಮುಟ್ಟಿರಲಿಲ್ಲ, ಮಾವನ ಜೊತೆ ಜಗಳವಾಡಿದರೂ ಪಿಸುಮಾತಿನಲ್ಲೇ ಆಡುತ್ತಿದ್ದರು.

ಹಿಂದಿನ ದಿನ ಮಾವ ಲ್ಯಾಪ್‌ಟಾಪು ಸರಿಯಾಗಿದೆಯೇ ನೋಡೋಣ ಎಂದು ತೆರೆದರು. ಅಯ್ಯೋ, ತೆರೆಯದಿದ್ದರೆ ಏನಾಗುತ್ತಿತ್ತು! ಪರದೆಯ ಮೂಲೆಯಲ್ಲಿ ಮಸಕಾಗಿ ಒಂದು ಸಾಲು: ಈ ಪ್ರತಿ ಅಸಲಿಯಲ್ಲ. ಮಾವ ಕೂಡಲೇ ಲ್ಯಾಪ್‌ಟಾಪು ಕೊಟ್ಟ ಅಳಿಯನಿಗೆ ಫೋನು ಹಚ್ಚಿದರು.

“ಅಳಿಯಂದ್ರೇ, ಇದು ಕಳ್ಳಮಾಲು!”

“ಮಾವ, ಎಲ್ರೂ ಹೀಗೇ ಹಾಕ್ಕೊಳ್ಳೋದು. ಕೆಲಸ ಮಾಡುತ್ತಲ್ವಾ?”

“ಕಳ್ಳನೂ ಕೆಲಸ ಮಾಡ್ತಾನೆ” ಎಂದು ಮಾವ ಫೋನಿಟ್ಟರು. ಆ ಸಂಜೆಯೇ ಲ್ಯಾಪ್‌ಟಾಪನ್ನು ನಡೆಸುವ ಹಳೆಯ ತಂತ್ರಾಂಶವನ್ನೆಲ್ಲ ಅಳಿಸಿ ಅದರ ಜಾಗಕ್ಕೆ ಲಿನಕ್ಸ್ ಹಾಕಿದರು. ಲಿನಕ್ಸ್ ಪುಕ್ಕಟೆ, ಕಾನೂನುಬದ್ಧ. ಬೇಕಾದವರು ಹಾಕಿಕೊಳ್ಳಿ, ಬೇಕಾದವರಿಗೆ ಕೊಡಿ ಎಂದು ಅದರ ಪರವಾನಗಿಯಲ್ಲೇ ಬರೆದಿದೆ. ಯಾರೂ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಆ ಪರವಾನಗಿಯನ್ನು ಮಾವ ಮೊದಲಿಂದ ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಂಥಾ ಕಾಯ್ದೆ ಕಣೇ! ಹಂಚಿಕೊಂಡರೇ ಒಳ್ಳೇದು ಅಂತ ಕಾಯ್ದೆಯೇ ಹೇಳುತ್ತೆ!” ಅತ್ತೆ ಪಿಸುದನಿಯಲ್ಲಿ, “ನಾಳೆ ನಾಲ್ಕಕ್ಕೆ ಅದು ನನ್ನ ಮಾತು ಆ ಕಡೆಗೆ ಮುಟ್ಟಿಸಿದ್ರೆ ನಾನೂ ಕಣ್ಣೊರೆಸ್ಕೋತೀನಿ” ಎಂದರು.

ಬೆಳಿಗ್ಗೆ ನೋಡಿದರೆ ವೈಫೈ ಇಲ್ಲ.

ಇಲ್ಲವೆಂದರೆ ಪೂರಾ ಇಲ್ಲವೆಂದಲ್ಲ. ನೆರೆಹೊರೆಯ ವೈಫೈಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ನೆಲಮಹಡಿಯ ಹಲ್ಲಿನ ಡಾಕ್ಟರದ್ದು, ‘ನೋವಿಲ್ಲ’. ನೇರ ಮೇಲಿನ ಮನೆಯ ನರ್ಸಮ್ಮನದ್ದು, ‘ಮುಟ್ಟಬೇಡಿ’. ತಮ್ಮದೇ ಮನೆಯ ‘ನಿಯಮದಂತೆ’ ಮಾತ್ರ ಕಾಣದು, ಅದರ ಡಬ್ಬಿ ಎದುರಿಗೇ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತಾ ಕೂತಿದ್ದರೂ. ಮಾವ ಡಬ್ಬಿ ಆರಿಸಿ ಹಚ್ಚಿದರು, ಲ್ಯಾಪ್‌ಟಾಪು ಆರಿಸಿ ಹಚ್ಚಿದರು. ಲ್ಯಾಪ್‌ಟಾಪನ್ನು ಡಬ್ಬಿಗೆ ಮುಖ ಮಾಡಿಸಿ, ಮೂಗಿಗೆ ಮೂಗು ತಾಗಿಸಿ ಇಟ್ಟರು. ಜಪ್ಪಯ್ಯ ಅಂದರೂ ಗುರುತು ಹಿಡಿಯಲಿಲ್ಲ. ತಂತಿ ಚುಚ್ಚೋಣವೆಂದರೆ ಆ ತೆಳ್ಳನೆ ಲ್ಯಾಪ್‌ಟಾಪಿಗೆ ತಂತಿಯ ತೂತೇ ಇಲ್ಲ. ಗಂಡ ಹೆಂಡತಿ ಇಬ್ಬರದೂ ಗುಂಡಿ ಒತ್ತುವ ಹಳೆಯ ಫೋನು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮಾವ ಕಪ್ಪು ಪರದೆ ತೆರೆದು, ಲಿನಕ್ಸ್ ತನ್ನ ಪಾಡಿಗೆ ತಾನು ಬರೆದುಕೊಳ್ಳುವ ದಿನಚರಿಯನ್ನು ಓದತೊಡಗಿದರು. ಯಂತ್ರವೊಂದು ಯಾವಾಗ ಎದ್ದೆ, ಏನು ಮಾಡಿದೆ, ಯಾಕೆ ಮಾಡಿದೆ ಎಂದು ಒಂದೂ ಬಿಡದೆ ಒಪ್ಪಿಸುವುದನ್ನು ಕಂಡು ಅವರಿಗೆ ಊಟದ ನೆನಪೇ ಹಾರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ರೋಗ ಸಿಕ್ಕಿತು.

“ಸಿಕ್ತು ಕಣೇ! ಲ್ಯಾಪ್‌ಟಾಪು ಬೇರೆ ದೇಶದಲ್ಲಿದೆ!”

ಅತ್ತೆ ಲ್ಯಾಪ್‌ಟಾಪನ್ನೂ ಅದು ಕೂತಿದ್ದ ಊಟದ ಮೇಜನ್ನೂ ನೋಡಿದರು. “ನಿಮಗೆ ಹುಷಾರಿದೆ ತಾನೆ?”

ಹುಷಾರಾಗಿಯೇ ಇದ್ದರು. ಸಂಗತಿ ಇಷ್ಟು. ವೈಫೈ ಡಬ್ಬಿಗಳು ಮಾತಾಡಲು ಗಾಳಿಯಲ್ಲಿ ಹದಿಮೂರು ದಾರಿಗಳಿವೆ, ಅವಕ್ಕೆ ಚಾನೆಲ್ಲು ಎನ್ನುತ್ತಾರೆ. ಹಿಂದೊಮ್ಮೆ ಕಟ್ಟಡದಲ್ಲಿ ಒಬ್ಬರ ವೈಫೈಗೆ ಇನ್ನೊಬ್ಬರದು ಅಡ್ಡ ಬರುತ್ತಿದೆ ಎಂದು ಕೈ ಕೈ ಮಿಲಾಯಿಸುವ ತನಕ ಹೋಗಿತ್ತು. ಆಗಲೂ ಈಗಲೂ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ಮಾವ, ಗಾಡಿ ನಿಲ್ಲಿಸುವ ಜಾಗ ಹಂಚಿದ ಹಾಗೆಯೇ ಮನೆಗೊಂದು ಚಾನೆಲ್ಲು ಹಂಚಿಬಿಟ್ಟರು. ಭೂಮಿಯ ಮೇಲೆ ಇಂಥ ಕೆಲಸ ಬೇರೆ ಯಾರೂ ಮಾಡಿರಲಾರರು. ಸಭೆ ಕರೆದು, ವಾರ ಮೊದಲೇ ಸೂಚನೆ ಕೊಟ್ಟು, ಬಹುಮತ ಪಡೆಯದೆ ಯಾರೂ ಚಾನೆಲ್ಲು ಬದಲಿಸಕೂಡದು ಎಂದು ನಿಯಮವನ್ನೂ ಬರೆದರು. ಎಲ್ಲರೂ ಬೇಡವೆಂದ ಕೊನೆಯ ಹದಿಮೂರನ್ನು ದೊಡ್ಡ ಮನಸ್ಸು ಮಾಡಿ ತಾವೇ ಇಟ್ಟುಕೊಂಡರು.

ಇತ್ತ ಮೇಲ್ಮನೆಯ ನರ್ಸಮ್ಮ ದೂರದ ಯಾವುದೋ ದೇಶದಲ್ಲಿ ದುಡಿದು ವಾಪಸು ಬರುವಾಗ ತನ್ನ ವೈಫೈ ಡಬ್ಬಿಯನ್ನೂ ಹೊತ್ತು ತಂದಿದ್ದಳು. ಆ ಡಬ್ಬಿ ಇನ್ನೂ ತಾನು ಅಲ್ಲೇ ಇದ್ದೇನೆ ಎಂದುಕೊಂಡು ‘ಇದು ಆ ದೇಶ, ಇದು ಆ ದೇಶ’ ಎಂದು ಹಗಲಿರುಳೂ ಗಾಳಿಯಲ್ಲಿ ಸಾರುತ್ತಿತ್ತು. ಕಟ್ಟಡದ ಬೇರೆ ಡಬ್ಬಿಗಳು ದೇಶದ ಸುದ್ದಿಯೇ ಎತ್ತುತ್ತಿರಲಿಲ್ಲ. ಆ ದೇಶದಲ್ಲೋ ಹದಿಮೂರನೇ ಚಾನೆಲ್ಲು ನಿಷಿದ್ಧ. ಹಳೆಯ ಕಳ್ಳಮಾಲು ಯಾವ ದೇಶವಾದರೆ ನನಗೇನು ಎಂದು ಕೆಲಸ ಮಾಡಿಕೊಂಡು ಹೋಗುತ್ತಿತ್ತು. ಹೊಸತು ಮಾತ್ರ ಮೇಲ್ಮನೆಯ ಘೋಷಣೆ ಕೇಳಿಸಿಕೊಂಡು, ಓಹೋ ನಾವೀಗ ಆ ದೇಶದಲ್ಲಿದ್ದೇವೆ, ಹದಿಮೂರರ ಕಡೆ ಕಣ್ಣೆತ್ತಿಯೂ ನೋಡಬಾರದು ಎಂದು ತಲೆ ತಗ್ಗಿಸಿ ಕೂತಿತ್ತು. ‘ನೀನಿರುವುದು ಇಲ್ಲಿ’ ಎಂದು ಮಾವ ಆಜ್ಞೆ ಕೊಟ್ಟರೆ ಮರ್ಯಾದೆಯಿಂದ ಹೂಂ ಅನ್ನುವುದು, ಮರುಕ್ಷಣ ಮೇಲ್ಮನೆಯ ಮಾತನ್ನೇ ನಂಬುವುದು.

“ಎಂಥಾ ಪ್ರಾಮಾಣಿಕ ಯಂತ್ರ!” ಎಂದು ಮಾವನ ಬಾಯಿಂದ ಬಂದೇಬಿಟ್ಟಿತು.

ಅತ್ತೆಯ ಮೈಯೆಲ್ಲ ಉರಿದುಹೋಯಿತು. “ಒಂದು ಸಾಲದು ಅಂತ ಮನೇಲಿ ಎರಡಾಯ್ತು” ಎಂದರು. ವಾರದ ಪಿಸುಮಾತು ಅಲ್ಲಿಗೆ ಮುಗಿಯಿತು.

ನರ್ಸಮ್ಮನ ಡಬ್ಬಿ ಆರಿಸಿದರೆ ಸಾಕಿತ್ತು. ಆಕೆ ತಂಗಿಯ ಹೆರಿಗೆಗೆಂದು ಬೀಗ ಹಾಕಿಕೊಂಡು ಹೋಗಿದ್ದಳು, ಫೋನು ಸ್ವಿಚ್ ಆಫ್. ಮಾವ ಕೆಳಗಿಳಿದು ಹಲ್ಲಿನ ಡಾಕ್ಟರ ಬಳಿ ಹೋದರು. ಡಾಕ್ಟರೇ ಸಂಘದ ಅಧ್ಯಕ್ಷರು. ಒಬ್ಬರ ಬಾಯಿ ತೆರೆಸಿಟ್ಟು ಡ್ರಿಲ್ಲು ಹಿಡಿದು ನಿಂತಿದ್ದರು.

“ನರ್ಸಮ್ಮನ ಮನೆ ಫ್ಯೂಸ್ ಕಿತ್ತುಬಿಡೋಣ ಮಾವ, ಮೀಟರ್ ಬೋರ್ಡ್ ಕೆಳಗೇ ಇದೆ.”

“ಅದು ಅಪರಾಧ ಡಾಕ್ಟ್ರೇ.”

“ಹಾಗಾದ್ರೆ ನಿಮ್ಮ ಚಾನೆಲ್ ಬದಲಾಯಿಸ್ಕೊಳ್ಳಿ. ನನ್ನದರಲ್ಲೇ ಬನ್ನಿ, ನನಗೇನೂ ಅಡ್ಡಿಯಿಲ್ಲ.”

“ಸಭೆ ಕರೀಬೇಕು. ವಾರ ಮೊದಲು ಸೂಚನೆ ಕೊಡಬೇಕು.”

“ಅಧ್ಯಕ್ಷ ನಾನೇ ಹೇಳ್ತಿದ್ದೀನಲ್ಲ! ಇಡೀ ಕಟ್ಟಡದಲ್ಲಿ ಬೇಡ ಅನ್ನೋರು ಯಾರಿದ್ದಾರೆ?”

“ಕಾರ್ಯದರ್ಶಿ ಇದ್ದಾನೆ” ಎಂದು ಮಾವ ತಮ್ಮ ಎದೆ ಮುಟ್ಟಿಕೊಂಡರು. ಬಾಯಿ ತೆರೆದುಕೊಂಡಿದ್ದ ರೋಗಿ ಏನೋ ಅಂದ, ಅದು ಯಾರಿಗೂ ಅರ್ಥವಾಗಲಿಲ್ಲ. ಬೈಗುಳವೇ ಇರಬೇಕು.

ಮನೆಗೆ ಬಂದರೆ ಅತ್ತೆ ಕನ್ನಡಿಯ ಮುಂದೆ ಕೂತಿದ್ದರು. ಬೆಳಿಗ್ಗೆಯೇ ಹಾಕಿಕೊಂಡಿದ್ದ ಒಳ್ಳೆಯ ಓಲೆಗಳನ್ನು ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದರು. ಓದಬೇಕಿದ್ದ ಹಾಳೆಗಳು ಮಡಚಿ ಪಕ್ಕದಲ್ಲಿದ್ದವು. ಅತ್ತೆ ಬೈದಿದ್ದರೆ ಮಾವನಿಗೆ ಅಭ್ಯಾಸವಿತ್ತು, ಅತ್ತಿದ್ದರೂ ನಿಭಾಯಿಸುತ್ತಿದ್ದರು. ಆಕೆ ತೀರಾ ಸಾಮಾನ್ಯ ದನಿಯಲ್ಲಿ, “ಟೀ ಮಾಡ್ಲಾ?” ಎಂದರು.

ಈಕೆ ಇನ್ನು ತನ್ನಿಂದ ಏನನ್ನೂ ಕೇಳುವುದಿಲ್ಲ ಎಂದು ಗೊತ್ತಾಗಿ ಮಾವನಿಗೆ ನಿಜಕ್ಕೂ ಭಯವಾಯಿತು.

“ಓಲೆ ಹಾಕ್ಕೋ” ಎಂದರು. “ಚಾನೆಲ್ ಬದಲಾಯಿಸ್ತೀನಿ. ಸಭೆ ಗಿಭೆ ಆಮೇಲೆ ನೋಡ್ಕೊಳ್ಳೋಣ.”

ಅತ್ತೆ ಕನ್ನಡಿಯಿಂದ ತಿರುಗಿ ಗಂಡನನ್ನು ಪೂರ್ತಿ ನೋಡಿದರು. ಆದರೆ ಹಾಳು ಅದೃಷ್ಟ ನೋಡಿ. ಡಬ್ಬಿಯ ಚಾನೆಲ್ಲು ಬದಲಿಸಬೇಕಾದರೆ ಲ್ಯಾಪ್‌ಟಾಪಿನಿಂದಲೇ ಡಬ್ಬಿಯೊಳಗೆ ಹೊಗಬೇಕು. ಲ್ಯಾಪ್‌ಟಾಪಿಗೆ ಡಬ್ಬಿ ಕಂಡರಲ್ಲವೇ ಹೊಗುವುದು? ಕೀಲಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ಮಾವ ಡಬ್ಬಿಯನ್ನು ಗೋಡೆಯಿಂದ ಕಿತ್ತು, ತಿರುವಿ ಮುರುವಿ ನೋಡಿ, ಉದ್ದ ತಂತಿ ಎಳೆದು ಮುಂಬಾಗಿಲ ಬಳಿ ಇಟ್ಟರು. ಅಲ್ಲಿ ಏನಾದರೂ ಕಂಡೀತೇ ಎಂಬ ಆಸೆ. ಕಾಣಲಿಲ್ಲ.

ನಾಲ್ಕಕ್ಕೆ ಇನ್ನೇನು ಹತ್ತಿರವಾಯಿತು. ಮಿಕ್ಕ ಮನೆಯವರೆಲ್ಲ ಹೊರಗೆ ಹೋಗಿದ್ದರು, ಉಳಿದದ್ದು ಡಾಕ್ಟರ ‘ನೋವಿಲ್ಲ’ ಒಂದೇ, ಅದೂ ಕೆಳಗಿಳಿದು ಹೋದರೆ ಮಾತ್ರ ಗಟ್ಟಿಯಾಗಿ ಸಿಗುವಂಥದ್ದು. ಅಲ್ಲಿ ಡ್ರಿಲ್ಲಿನ ಕಿರ್ರೋ ಸದ್ದು, ಹೊರಗೆ ಕಾಯುವ ಮಕ್ಕಳ ಕಿರುಚಾಟ. ಧ್ವನಿ ಪರೀಕ್ಷೆ ಕೊಡಲು ಅದಕ್ಕಿಂತ ಕೆಟ್ಟ ಜಾಗ ಈ ಲೋಕದಲ್ಲಿಲ್ಲ. “ಏನಾದ್ರಾಗ್ಲಿ, ನಡೀರಿ” ಎಂದು ಅತ್ತೆ ಹಾಳೆಗಳನ್ನೂ ಕೂರಲು ಪುಟ್ಟ ಸ್ಟೂಲನ್ನೂ ಎತ್ತಿಕೊಂಡರು. ಮಾವ ಪರೀಕ್ಷೆಯ ಪುಟ ತೆರೆದಿದ್ದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು. ಮುಂಬಾಗಿಲ ನೇರ ಎದುರಿಗೇ ಲಿಫ್ಟು. ಬಾಗಿಲು ತೆರೆಯಿತು, ಇಬ್ಬರೂ ಒಳಹೊಕ್ಕರು.

ಬಾಗಿಲು ಮುಚ್ಚಬೇಕು ಎನ್ನುವಷ್ಟರಲ್ಲಿ ಪರದೆಯ ಮೇಲೆ ‘ನಿಯಮದಂತೆ’ ಮೂಡಿತು.

ಲಿಫ್ಟೆಂದರೆ ನಾಲ್ಕೂ ಕಡೆ, ತಲೆಯ ಮೇಲೂ ಉಕ್ಕಿನ ತಗಡು. ಮೇಲ್ಮನೆಯ ಘೋಷಣೆ ಆ ಉಕ್ಕು ದಾಟಿ ಒಳಗೆ ಬರಲೇ ಇಲ್ಲ. ತೆರೆದ ಬಾಗಿಲಿಂದ ಬಂದದ್ದು ಎದುರಿಗಿದ್ದ ತಮ್ಮ ಡಬ್ಬಿಯ ಮಾತೊಂದೇ. ಲ್ಯಾಪ್‌ಟಾಪು ಕ್ಷಣ ಯೋಚಿಸಿ, ದೇಶಕ್ಕೆ ವಾಪಸಾಯಿತು. ಮಾವ ಬೆಳಿಗ್ಗೆಯೇ ಹೇಳಿಕೊಟ್ಟಿದ್ದ ಪಾಸ್‌ವರ್ಡಿನಿಂದ ತಾನಾಗಿಯೇ ಜೋಡಿಕೊಂಡಿತು. ಅದರೊಳಗಿಂದ ಒಂದು ಹೆಣ್ಣು ದನಿ: “ನಮಸ್ಕಾರ ಅಮ್ಮಾ, ನಿಮಗೇ ಕಾಯ್ತಿದ್ವಿ. ಶುರು ಮಾಡೋಣ್ವಾ?”

ಮಾವ ಬಾಗಿಲಿಗೆ ಕಾಲು ಅಡ್ಡ ಕೊಟ್ಟರು. ತಡೆದ ಬಾಗಿಲು ಮುನಿಸಿಕೊಂಡು ಕೀಂ ಎಂದು ಅರಚತೊಡಗಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಿಫ್ಟಿನ ಬಾಗಿಲು ತಡೆದು ನಿಲ್ಲಿಸುವುದು ಮಾವನ ಲೆಕ್ಕದಲ್ಲಿ ಕೊಲೆಗಿಂತ ಒಂದು ಮೆಟ್ಟಿಲು ಕೆಳಗಿನ ಪಾಪ. ಮೇಲೆ ಯಾರಿಗೆ ಎದೆನೋವು ಬಂದಿದೆಯೋ, ಕೆಳಗೆ ಯಾವ ಕಾಲಿಲ್ಲದವರು ಕಾಯುತ್ತಿದ್ದಾರೋ ಎಂದು ಅವರು ಎಷ್ಟು ಜನಕ್ಕೆ ಛೀಮಾರಿ ಹಾಕಿದ್ದರೋ ಲೆಕ್ಕವಿಲ್ಲ. ಈಗ ಅವರದೇ ಕಾಲು ಬಾಗಿಲಲ್ಲಿತ್ತು. ಅತ್ತೆ ಲ್ಯಾಪ್‌ಟಾಪಿಗೆ ಕೈ ಮುಗಿದು, “ಒಂದೇ ನಿಮಿಷ ಇರೀಮ್ಮಾ” ಎಂದು ಗಂಡನ ಕಡೆ ನೋಡಿದರು.

ಮಾವ ಲ್ಯಾಪ್‌ಟಾಪನ್ನು ಅತ್ತೆಯ ಕೈಗೆ ಕೊಟ್ಟು, ಕಾಲಿನ ಚಪ್ಪಲಿ ಬಿಚ್ಚಿ ಬಾಗಿಲ ಸಂದಿಗೆ ತುರುಕಿದರು. ಬರಿಗಾಲಲ್ಲಿ ಮೆಟ್ಟಿಲು ಹಾರಿ ಹಾರಿ ತಾರಸಿಗೆ ಓಡಿದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಾರದೆಂದು ಹೃದಯದ ಡಾಕ್ಟರು ಹೇಳಿದ್ದರು, ಅದೂ ಒಂದು ಕಾಯ್ದೆಯೇ, ಅದನ್ನೂ ಮುರಿದರು. ಕಾರ್ಯದರ್ಶಿಯ ಹತ್ತಿರವೇ ಇರುವ ಕೀಲಿಯಿಂದ ಯಂತ್ರದ ಕೋಣೆ ತೆಗೆದು, ಇಡೀ ಲಿಫ್ಟಿನ ಮುಖ್ಯ ಸ್ವಿಚ್ಚನ್ನು ಕೆಳಗೆಳೆದರು. ಕೀಂ ಸದ್ದು ಸತ್ತಿತು.

ಕೆಳಗೆ ಬಂದು ನೋಡಿದರೆ ಲಿಫ್ಟಿನ ಒಳಗೆ ಕತ್ತಲೆ. ಪರದೆಯ ಬೆಳಕು ಬಿದ್ದಿದ್ದ ಅತ್ತೆಯ ಮುಖವಷ್ಟೇ ಕಾಣುತ್ತಿತ್ತು. ಸ್ಟೂಲಿನ ಮೇಲೆ ಕೂತು ಓದಲು ಶುರು ಮಾಡಿದ್ದರು. ಉಕ್ಕಿನ ಗೋಡೆಗೆ ದನಿ ತಾಕಿ ದುಂಡಗೆ, ತುಂಬಿಕೊಂಡು ಬರುತ್ತಿತ್ತು. ಮಾವ ಒಂದು ಸಾಲು ಕೇಳಿದರು, ಇನ್ನೊಂದು ಸಾಲು ಕೇಳಿದರು. ಇಷ್ಟು ವರ್ಷ ಈ ದನಿಯ ಜೊತೆ ಇದ್ದೂ ತಾನು ಕೇಳಿದ್ದು ಬರೀ ‘ಊಟಕ್ಕೆ ಬನ್ನಿ’ ಒಂದೇ ಅಲ್ಲವೇ ಎಂದು ಅವರಿಗೆ ತುಂಬಾ ನಾಚಿಕೆಯಾಯಿತು.

ಅಷ್ಟರಲ್ಲಿ ಕೆಳಗಿಂದ ಲಿಫ್ಟಿನ ಗುಂಡಿಯನ್ನು ಪಟಪಟ ಒತ್ತುವ ಸದ್ದು, ಹಿಂದೆಯೇ ಡಾಕ್ಟರ ಕೂಗು: “ಮಾವಾ! ಲಿಫ್ಟಿಗೇನಾಯ್ತು?”

ಇನ್ನೊಂದು ಸಲ ಕೂಗಿದರೆ ಆ ದನಿ ಪರೀಕ್ಷೆಗೂ ಹೋಗಿ ಕೂರುತ್ತದೆ. ಮಾವ ದಡದಡನೆ ಕೆಳಗಿಳಿದು, ತುಟಿಗೆ ಬೆರಳಿಟ್ಟುಕೊಂಡೇ ಡಾಕ್ಟರ ಎದುರು ನಿಂತರು. ಡಾಕ್ಟರ ಪಕ್ಕದಲ್ಲಿ ಕೊನೆಯ ಮಹಡಿಯ ಟೀಚರಮ್ಮ, ಎರಡೂ ಕೈಯಲ್ಲಿ ಅಕ್ಕಿ ಬೇಳೆಯ ಚೀಲ. ಮಾವ ನಿಜ ಹೇಳುವುದಕ್ಕೆಂದೇ ಬಾಯಿ ತೆರೆದರು.

“ಲಿಫ್ಟ್ ಕೆಟ್ಟಿದೆ” ಎಂದರು.

ಡಾಕ್ಟರು ಪ್ರಶ್ನೆಯನ್ನೇ ಹಾಕಲಿಲ್ಲ. “ನೀವೇ ಹೇಳಿದ ಮೇಲೆ ಮುಗೀತು ಬಿಡಿ” ಎಂದರು. ಬೇರೆ ಯಾರು ಹೇಳಿದ್ದರೂ ಹತ್ತಿ ಬಂದು ನೋಡುತ್ತಿದ್ದರು. ಮಾವನಿಗೆ ಅಲ್ಲಿಗೇ ಬಿಟ್ಟರಾಗದೆ? ಸುಳ್ಳಿನ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. “ಬ್ರೇಕಿನ ಸ್ಪ್ರಿಂಗು ಸಡಿಲ. ಹಗ್ಗದ್ದೂ ಅನುಮಾನ. ಯಾರೂ ಹತ್ತಿರ ಹೋಗಬೇಡಿ, ಜೋರಾಗಿ ಮಾತಾಡಲೂ ಬೇಡಿ” ಎಂದರು.

“ಮಾತಾಡಿದ್ರೆ ಏನಾಗುತ್ತೆ ಮಾವ?” ಎಂದರು ಟೀಚರಮ್ಮ.

“ಅದುರುತ್ತೆ.”

ಡಾಕ್ಟರು ತುದಿಗಾಲಲ್ಲಿ ಕ್ಲಿನಿಕ್ಕಿಗೆ ಹಿಂತಿರುಗಿದರು. ಅಲ್ಲಿನ ಮಕ್ಕಳಿಗೂ ಬಾಯಿ ಮುಚ್ಚಿಸಿದರಂತೆ. ಮಾವ ಟೀಚರಮ್ಮನ ಚೀಲಗಳನ್ನು ಕಸಿದುಕೊಂಡು ಕೊನೆಯ ಮಹಡಿಗೆ ಹೊತ್ತು ನಡೆದರು. ತಮ್ಮ ಮಹಡಿ ಬಂದಾಗ ಆಕೆ ಲಿಫ್ಟಿನ ಕಡೆ ನೋಡದ ಹಾಗೆ ಗೋಡೆಯಂತೆ ಅಡ್ಡ ನಿಂತು ದಾಟಿಸಿದರು. ಆಮೇಲೆ ಎರಡನೇ ಮಹಡಿಯ ಆ ಹಳೇ ಬಾಣಂತಿ ಬಂದಳು, ಆಕೆಯ ಮಗುವನ್ನು ಹೊತ್ತರು. ಯಾರದೋ ನೀರಿನ ಕ್ಯಾನು ಬಂತು, ಅದನ್ನೂ ಹೊತ್ತರು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತು. ಪ್ರತಿಯೊಬ್ಬರಿಗೂ ಅದೇ ಸುಳ್ಳು, ಪ್ರತಿಯೊಬ್ಬರೂ ನಂಬಿದರು, “ಪಾಪ, ಈ ವಯಸ್ಸಲ್ಲೂ ಎಷ್ಟು ಜವಾಬ್ದಾರಿ ನೋಡಿ” ಎಂದು ಹೊಗಳಿದರು ಬೇರೆ. ಆ ಹೊಗಳಿಕೆ ಮಾವನಿಗೆ ನೀರಿನ ಕ್ಯಾನಿಗಿಂತ ಭಾರವಾಯಿತು.

ಕೊನೆಗೆ ಅತ್ತೆ ಲಿಫ್ಟಿನಿಂದ ಹೊರಗೆ ಬಂದಾಗ ಮಾವ ಮೆಟ್ಟಿಲ ಮೇಲೆ ಕುಕ್ಕರಿಸಿ ಮೊಣಕಾಲು ನೀವಿಕೊಳ್ಳುತ್ತಿದ್ದರು.

“ತಗೊಂಡ್ರು ಕಣ್ರೀ!” ಎಂದರು ಅತ್ತೆ. “ಪುಸ್ತಕ ಕಳಿಸ್ತಾರಂತೆ. ನಿಮ್ಮ ಮನೇಲಿ ಎಂಥಾ ಒಳ್ಳೇ ಸ್ಟುಡಿಯೋ ಇದೆ, ಗಾಳಿ ಸದ್ದೂ ಇಲ್ಲ ಅಂದ್ರು. ನಾನು ಹೂಂ ಅಂದೆ.”

“ಸುಳ್ಳು ಹೇಳಿದ್ಯಾ?”

“ಹೇಳಿದೆ. ಏನೀಗ? ಹೋಗಿ ಸ್ವಿಚ್ ಹಾಕಿ, ಜನ ಕಾಯ್ತಿರ್ತಾರೆ.”

ಮಾವ ಏಳಲಿಲ್ಲ. ಆಚೆ ಈಚೆ ನೋಡಿ ದನಿ ತಗ್ಗಿಸಿದರು. “ಈಗಲೇ ಬೇಡ. ಬ್ರೇಕಿನ ಸ್ಪ್ರಿಂಗು ಇಷ್ಟು ಬೇಗ ಸರಿ ಹೋದ್ರೆ ಡಾಕ್ಟ್ರಿಗೆ ಅನುಮಾನ ಬರುತ್ತೆ.”

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. “ಯಾವ ಸ್ಪ್ರಿಂಗು? ಸ್ಪ್ರಿಂಗಿಗೇನಾಗಿದೆ?” ಎಂದವರು ಗಂಡನ ಮುಖ, ಬರಿಗಾಲು, ತೊಯ್ದ ಅಂಗಿ ಎಲ್ಲ ನೋಡುತ್ತಾ ನೋಡುತ್ತಾ ಬಾಯಿಗೆ ಕೈ ಇಟ್ಟುಕೊಂಡರು. ಸ್ಟೂಲು ಕೆಳಗಿಟ್ಟು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

“ಏನಂದ್ರಿ ಅವರಿಗೆ? ನನ್ನೆದುರು ಒಂದ್ಸಲ ಹೇಳಿ.”

“ಯಾಕೆ ಈಗ ಅದೆಲ್ಲ?”

“ಹೇಳ್ರೀ. ಅವರಿಗೆ ಹೇಳಿದ ಹಾಗೇ ಹೇಳಿ.”

ಮಾವ ಗಂಟಲು ಸರಿಮಾಡಿಕೊಂಡು, ಎದುರಿನ ಗೋಡೆ ನೋಡುತ್ತಾ, “ಲಿಫ್ಟ್ ಕೆಟ್ಟಿದೆ” ಎಂದರು.

ಅತ್ತೆಗೆ ನಗು ಉಕ್ಕಿ ಬಂತು, ಜೊತೆಗೇ ಕಣ್ಣೀರೂ ಬಂತು. ಎರಡನ್ನೂ ತಡೆಯಲಿಲ್ಲ.

“ನನಗೋಸ್ಕರಾನಾ?”

“ಮತ್ತೆ ಇನ್ಯಾರಿಗೋಸ್ಕರ ಹೇಳ್ಲಿ ಕಣೇ” ಎಂದರು ಮಾವ.